ಹಾಸನ ಸೀಮೆಯಲ್ಲಿ ವಕೀಲರ ನೇಮಕ: ಜಮೀನಿನ ದಾವೆಯಿಂದ ಕಂಪನಿ ವಿಲೀನದವರೆಗೆ

ಹಾಸನ ನಗರ ಹಾಗೂ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಕಕ್ಷಿದಾರರು ನ್ಯಾಯಾಲಯದ ವ್ಯಾಜ್ಯಗಳಿಗೂ, ಕಂಪನಿ, ಬ್ಯಾಂಕು, ಸಹಕಾರ ಸಂಘಗಳ ವಿಲೀನದಂಥ ವ್ಯವಹಾರಗಳಿಗೂ ವಕೀಲರನ್ನು ಗೊತ್ತುಮಾಡಿಕೊಳ್ಳುವ ಕ್ರಮ, ಅದಕ್ಕೆ ಅನ್ವಯಿಸುವ ಕಾನೂನು ಮತ್ತು ರೂಢಿಗಳು ಈ ಲೇಖನದ ವಿಷಯ. ಈ ಸೀಮೆಯ ಸಿವಿಲ್ ವ್ಯಾಜ್ಯಗಳಲ್ಲಿ ಜಮೀನಿನವೇ ಮುಖ್ಯ. ಅವು ತಾಲ್ಲೂಕು ನ್ಯಾಯಾಲಯದಲ್ಲಿ ಬಹುಮಟ್ಟಿಗೆ ಕನ್ನಡದಲ್ಲೇ ನಡೆಯುತ್ತವೆ. ಕಂಪನಿ ವಿಲೀನದ ಅರ್ಜಿಯಾದರೋ ಈ ನಾಲ್ಕು ಊರುಗಳ ಯಾವ ನ್ಯಾಯಾಲಯಕ್ಕೂ ಬರುವುದಿಲ್ಲ. ಅದರ ಜಾಗ ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ, ಭಾಷೆ ಇಂಗ್ಲಿಷ್. ಆದ್ದರಿಂದ ‘ಅನುಭವಿ ವಕೀಲರು ಬೇಕು’ ಎಂದು ವಿಚಾರಿಸುವವರು ಮೊದಲು ಯಾವ ಪೀಠದ ಮುಂದಿನ ಅನುಭವ ಬೇಕೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಮೂವತ್ತು ವರ್ಷ ಪಾಲುದಾವೆ ನಡೆಸಿದವರು ವಿಲೀನದ ಯೋಜನೆಯನ್ನು ಬರೆಯಲಾರರು. ವಿಲೀನದ ಯೋಜನೆ ಬರೆಯುವವರಿಗೆ ಪಹಣಿಯ ಒಂಬತ್ತನೇ ಕಾಲಂ ಓದಲು ತಾಲ್ಲೂಕಿನ ವಕೀಲರೇ ಬೇಕು.

ನ್ಯಾಯಾಲಯಗಳು

ಜಿಲ್ಲೆಯ ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಲಯ ಹಾಸನದಲ್ಲಿದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಸಿವಿಲ್ ನ್ಯಾಯಾಧೀಶರ ಮತ್ತು ಜೆ.ಎಂ.ಎಫ್‌.ಸಿ. ನ್ಯಾಯಾಲಯಗಳಿವೆ. ಪ್ರತಿ ಊರಿನಲ್ಲೂ ವಕೀಲರ ಸಂಘವಿದೆ. ಇವುಗಳ ಸ್ವರೂಪವನ್ನು ಕರ್ನಾಟಕ ಸಿವಿಲ್ ನ್ಯಾಯಾಲಯಗಳ ಕಾಯ್ದೆ 1964 ನಿರ್ಧರಿಸುತ್ತದೆ. ದಾವೆಯ ಮೌಲ್ಯವನ್ನು ನೋಡಿ ಕಿರಿಯ ವಿಭಾಗವೋ ಹಿರಿಯ ವಿಭಾಗವೋ ಎಂದು ಗೊತ್ತಾಗುತ್ತದೆ. ಮೇಲ್ಮನವಿ ಜಿಲ್ಲೆಯೊಳಗಿನ ಮೇಲಿನ ನ್ಯಾಯಾಲಯಕ್ಕೆ, ಅಲ್ಲಿಂದ ಬೆಂಗಳೂರಿನ ಹೈಕೋರ್ಟಿಗೆ. ಧಾರವಾಡ, ಕಲಬುರಗಿ ಪೀಠಗಳು 2013ರಲ್ಲಿ ಕಾಯಂ ಆದರೂ ಹಾಸನ ಬೆಂಗಳೂರಿನ ಪ್ರಧಾನ ಪೀಠಕ್ಕೇ ಸೇರಿದೆ. ಹಾಸನದಿಂದ ಬೆಂಗಳೂರು ಸುಮಾರು 180 ಕಿ.ಮೀ. ದೂರ. 2017ರಲ್ಲಿ ಶ್ರವಣಬೆಳಗೊಳದ ಮೂಲಕ ನೇರ ರೈಲು ಮಾರ್ಗ ತೆರೆದ ಮೇಲೆ ಮೇಲ್ಮನವಿದಾರರ ಓಡಾಟ ಸ್ವಲ್ಪ ಹಗುರವಾಗಿದೆ.

ಕೆಳ ನ್ಯಾಯಾಲಯದ ಕನ್ನಡ ಸಾಕ್ಷ್ಯ, ತೀರ್ಪು, ಕ್ರಯಪತ್ರಗಳು ಹೈಕೋರ್ಟಿನಲ್ಲಿ ಇಂಗ್ಲಿಷಿಗೆ ತರ್ಜುಮೆಯಾಗಬೇಕು. ಆ ಖರ್ಚು ಶುಲ್ಕದ ಮಾತುಕತೆಯಲ್ಲಿ ಸಾಮಾನ್ಯವಾಗಿ ಬರುವುದೇ ಇಲ್ಲ. ಬಿಲ್ಲು ಬಂದಾಗ ಕಕ್ಷಿದಾರ ಬೆಚ್ಚುತ್ತಾನೆ.

ಸಿವಿಲ್ ನ್ಯಾಯಾಲಯದ ಹೊರಗೂ ವ್ಯಾಜ್ಯಗಳು ನಡೆಯುತ್ತವೆ. ಖಾತೆ ಬದಲಾವಣೆಯ ತಕರಾರು ತಹಶೀಲ್ದಾರರ ಮುಂದೆ, ಅದರ ಮೇಲ್ಮನವಿ ಕರ್ನಾಟಕ ಭೂಕಂದಾಯ ಕಾಯ್ದೆ 1964ರ 136(2)ನೇ ಕಲಮಿನಡಿ ಉಪವಿಭಾಗಾಧಿಕಾರಿಯ ಮುಂದೆ, ಪರಿಶೀಲನಾ ಅರ್ಜಿ 136(3)ರಡಿ ಜಿಲ್ಲಾಧಿಕಾರಿಯ ಮುಂದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾಗಿದ್ದರೆ 1978ರ ಪಿ.ಟಿ.ಸಿ.ಎಲ್‌. ಕಾಯ್ದೆಯಡಿ ಉಪವಿಭಾಗಾಧಿಕಾರಿಯೇ ವಿಚಾರಣೆ ನಡೆಸುತ್ತಾರೆ. ಸಹಕಾರ ಸಂಘದ ಸಾಲ, ಚುನಾವಣೆ, ಆಡಳಿತದ ತಕರಾರು 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಂತೆ ಸಹಕಾರ ಇಲಾಖೆಗೆ ಹೋಗುತ್ತದೆ. ಸಿವಿಲ್ ನ್ಯಾಯಾಲಯಕ್ಕೆ ಅದರಲ್ಲಿ ಅಧಿಕಾರವಿಲ್ಲ. ಅಪಘಾತ ಪರಿಹಾರಕ್ಕೆ ಮೋಟಾರು ಅಪಘಾತ ಕ್ಲೇಮು ನ್ಯಾಯಮಂಡಳಿ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಚನ್ನರಾಯಪಟ್ಟಣ, ಹಾಸನಗಳನ್ನು ಹಾದುಹೋಗುವುದರಿಂದ ಈ ಕೆಲಸಕ್ಕೆ ಇಲ್ಲಿ ಕೊರತೆಯಿಲ್ಲ. ತಪ್ಪು ಬಾಗಿಲು ತಟ್ಟಿದ ದಾವೆ ವರ್ಷಗಳ ನಂತರ ‘ಅಧಿಕಾರ ವ್ಯಾಪ್ತಿಯಿಲ್ಲ’ ಎಂಬ ಕಾರಣಕ್ಕೆ ವಾಪಸಾಗುವುದುಂಟು. ವಕೀಲರ ಅನುಭವದ ಮೊದಲ ಉಪಯೋಗ ಕಾಣುವುದು ಬಾಗಿಲನ್ನು ಸರಿಯಾಗಿ ಆರಿಸುವುದರಲ್ಲೇ.

ಹಿನ್ನೆಲೆ

ಮೈಸೂರು ಸಂಸ್ಥಾನದಲ್ಲಿ 1884ರಲ್ಲಿ ಚೀಫ್ ಕೋರ್ಟು ಸ್ಥಾಪನೆಯಾಯಿತು; 1930ರಲ್ಲಿ ಅದಕ್ಕೆ ಹೈಕೋರ್ಟೆಂಬ ಹೆಸರು ಬಂತು. ಬೆಂಗಳೂರಿನಲ್ಲಿ ಸರ್ಕಾರಿ ಕಾನೂನು ಕಾಲೇಜು ತೆರೆದದ್ದು 1948ರಲ್ಲಿ. ಅದಕ್ಕೆ ಮುಂಚೆ ವಕೀಲಿ ಓದಲು ಸಂಸ್ಥಾನದಾಚೆಗೆ ಹೋಗಬೇಕಿತ್ತು. ಹಾಗೆ ಹೋಗಿಬರುವ ಅನುಕೂಲ ಇದ್ದವರು ಸಂಖ್ಯೆಯಲ್ಲೂ ಜಾತಿಯಲ್ಲೂ ಕೆಲವರೇ. ಇಂದು ಹಾಸನದಲ್ಲಿ ಎಂ. ಕೃಷ್ಣ ಕಾನೂನು ಕಾಲೇಜು, ಹೊಳೆನರಸೀಪುರದಲ್ಲಿ ಸರ್ಕಾರಿ ಕಾನೂನು ಕಾಲೇಜು ಇವೆ. ರೈತರ ಮನೆಯ ಹೆಣ್ಣುಮಕ್ಕಳು ಬಸ್ಸಿನಲ್ಲಿ ಹೋಗಿಬಂದು ಕಾನೂನು ಪದವಿ ಪಡೆಯುವುದು ಸಾಧ್ಯವಾಗಿದೆ. 1961ರ ವಕೀಲರ ಕಾಯ್ದೆ ಪ್ಲೀಡರ್, ಮುಖ್ತಾರ್ ಮುಂತಾದ ಹಳೆಯ ದರ್ಜೆಗಳನ್ನು ಕ್ರಮೇಣ ಅಳಿಸಿ ‘ಅಡ್ವೊಕೇಟ್’ ಎಂಬ ಒಂದೇ ವರ್ಗವನ್ನು ಉಳಿಸಿತು. ದೇಶದ ಎಲ್ಲ ನ್ಯಾಯಾಲಯ, ನ್ಯಾಯಮಂಡಳಿಗಳಲ್ಲಿ ವಕೀಲಿ ಮಾಡುವ ಹಕ್ಕನ್ನು ಕೊಡುವ ಅದರ 30ನೇ ಕಲಂ ಮಾತ್ರ ಜಾರಿಗೆ ಬಂದದ್ದು ಐವತ್ತು ವರ್ಷಗಳ ಮೇಲೆ, 2011ರ ಜೂನ್ 15ರಂದು.

ಈ ನಡುವೆ ವಕೀಲರಿಗೆ ಪ್ರವೇಶವೇ ಇಲ್ಲದ ಒಂದು ದೊಡ್ಡ ವ್ಯಾಜ್ಯಕಾಂಡವೂ ನಡೆಯಿತು. ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಆದ ತಿದ್ದುಪಡಿಯಿಂದ ಗೇಣಿ ಪದ್ಧತಿ ರದ್ದಾಗಿ, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಗಳ ಮುಂದೆ ನಿಂತರು. ಅಲ್ಲಿ ವಕೀಲರು ಹಾಜರಾಗಕೂಡದೆಂದು ಕಾಯ್ದೆಯೇ ಹೇಳಿತ್ತು. ಜಮೀನ್ದಾರ ದುಡ್ಡು ಕೊಟ್ಟು ದೊಡ್ಡ ವಕೀಲರನ್ನು ತಂದರೆ ಗೇಣಿದಾರನ ಪಾಡೇನು ಎಂಬುದು ಅದರ ಹಿಂದಿನ ಯೋಚನೆ. ಆ ಕಾಲಕ್ಕೆ ಅದು ಅನ್ಯಾಯದ ಯೋಚನೆಯೇನೂ ಆಗಿರಲಿಲ್ಲ. ಸುಪ್ರೀಂ ಕೋರ್ಟು 1987ರಲ್ಲಿ ಈ ನಿರ್ಬಂಧವನ್ನು ಅಸಿಂಧುಗೊಳಿಸಿತು. ಅಷ್ಟರಲ್ಲಿ ಎಷ್ಟೋ ಆದೇಶಗಳು ಹೊರಬಿದ್ದಿದ್ದವು. ಸರಿಯಾದ ಮಹಜರಿಲ್ಲದೆ, ಸರ್ವೆ ನಂಬರಿನ ಪೂರ್ತಿ ವಿಸ್ತೀರ್ಣ ನಮೂದಾಗದೆ ಬಂದ ಅಂಥ ಆದೇಶಗಳ ಬಾಲ ಇಂದಿನ ಹಕ್ಕಿನ ದಾವೆಗಳಲ್ಲೂ ಕಾಣಿಸುತ್ತದೆ.

ವ್ಯಾಜ್ಯಗಳ ಸ್ವರೂಪ

ಪಾಲುವಿಭಾಗದ ದಾವೆ ಇಲ್ಲಿನ ಸಿವಿಲ್ ವಕೀಲಿಯ ಬೆನ್ನೆಲುಬು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಹದಾಯಾದಿ ಹಕ್ಕನ್ನು ಕರ್ನಾಟಕ 1994ರಲ್ಲೇ ಕೊಟ್ಟಿತಾದರೂ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಂದೆ 2005ರಲ್ಲಿ ಬದುಕಿದ್ದರಷ್ಟೇ ಹಕ್ಕೋ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಬಗೆಹರಿಸಿ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪಾಲುಪಟ್ಟಿ ಇದ್ದರೆ ಅದು ಉಳಿಯುತ್ತದೆ. ‘ಬಾಯಿಮಾತಿನಲ್ಲಿ ಪಾಲಾಗಿದೆ’ ಎಂಬ ವಾದವನ್ನು ನ್ಯಾಯಾಲಯ ಸುಲಭವಾಗಿ ಒಪ್ಪುವುದಿಲ್ಲ. ಆದ್ದರಿಂದ ಅಣ್ಣ–ತಂಗಿಯರ ದಾವೆಯಲ್ಲಿ ವಕೀಲರು ಮೊದಲು ಕೇಳುವುದು ವಂಶವೃಕ್ಷ, ನಂತರ ಪಾಲುಪಟ್ಟಿಯ ತಾರೀಕು.

ಪಾಲಿನ ದಾವೆಯಲ್ಲಿ ಗೆದ್ದರೆ ಜಮೀನು ಕೈಗೆ ಬಂತೆಂದಲ್ಲ. ಮೊದಲ ತೀರ್ಪು ಯಾರಿಗೆ ಎಷ್ಟು ಭಾಗ ಎಂದಷ್ಟೇ ಹೇಳುತ್ತದೆ. ನಂತರ ಅಂತಿಮ ಡಿಕ್ರಿಗೆ ಬೇರೆ ಅರ್ಜಿ. ಕಂದಾಯ ಕಟ್ಟುವ ಜಮೀನಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನಂತೆ ಹಂಚುವ ಕೆಲಸ ಜಿಲ್ಲಾಧಿಕಾರಿಯ ಮೂಲಕ. ಆಮೇಲೆ ಸರ್ವೆ, ಪೋಡಿ (ಸರ್ವೆ ನಂಬರಿನ ವಿಭಜನೆ), ಹದ್ದುಬಸ್ತು (ಗಡಿ ಗುರುತು), ಅಮಲ್ಜಾರಿ (ಡಿಕ್ರಿಯ ಜಾರಿ). ಡಿಕ್ರಿ ಪಡೆದ ಮೇಲೇ ಕಕ್ಷಿದಾರನ ಕಷ್ಟ ಶುರುವಾಗುತ್ತದೆಂದು ಪ್ರಿವಿ ಕೌನ್ಸಿಲ್ 1872ರಲ್ಲೇ ಗಮನಿಸಿತ್ತು. ಸಾಕ್ಷಿ, ಪಾಟೀಸವಾಲಿನ ಚಾತುರ್ಯಕ್ಕಿಂತ ಅಮಲ್ಜಾರಿಯ ಹಂತದಲ್ಲಿ ಸರ್ವೆ ಕಚೇರಿಗೂ ನ್ಯಾಯಾಲಯಕ್ಕೂ ನಡುವೆ ಕಡತ ಚಲಿಸುವಂತೆ ನೋಡಿಕೊಳ್ಳುವ ತಾಳ್ಮೆಯೇ ಈ ಸೀಮೆಯಲ್ಲಿ ಅನುಭವದ ನಿಜವಾದ ಗುರುತು. ಅದನ್ನು ಯಾವ ನಾಮಫಲಕವೂ ಹೇಳುವುದಿಲ್ಲ. ಅದೇ ಊರಿನಲ್ಲಿ ಡಿಕ್ರಿ ಜಾರಿ ಮಾಡಿಸಿಕೊಂಡವರನ್ನು ಕೇಳಿ ತಿಳಿಯಬೇಕು.

ಎರಡನೆಯ ದೊಡ್ಡ ಬಾಬ್ತು ಭೂಸ್ವಾಧೀನ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದಾಗ ಹಲವು ಹಳ್ಳಿಗಳು ಮುಳುಗಿದವು. ನಾಲೆಗಳಿಗೂ ಜಮೀನು ಹೋಯಿತು. 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಡಿ ಪರಿಹಾರ ಹೆಚ್ಚಿಸುವಂತೆ ಸಿವಿಲ್ ನ್ಯಾಯಾಲಯಕ್ಕೆ ಉಲ್ಲೇಖ ಕೇಳುವುದು ಒಂದು ತಲೆಮಾರಿನ ವಕೀಲರ ಮುಖ್ಯ ಕಸುಬೇ ಆಗಿತ್ತು. 2014ರ ಜನವರಿ 1ರಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯಲ್ಲಿ ಈ ಉಲ್ಲೇಖ 64ನೇ ಕಲಮಿಗೆ ಬಂದಿದೆ. ಹೇಮಾವತಿ ಜಲಾಶಯ ಯೋಜನೆಯ (ಎಚ್.ಆರ್.ಪಿ.) ಮುಳುಗಡೆ ಸಂತ್ರಸ್ತರಿಗೆ ಕೊಟ್ಟ ಜಮೀನನ್ನು ಜನ ಈಗಲೂ ‘ಎಚ್‌.ಆರ್‌.ಪಿ. ಜಮೀನು’ ಎನ್ನುತ್ತಾರೆ. ಅಂಥ ಜಮೀನಿನ ಕ್ರಯಕ್ಕೆ ಕೈಹಾಕುವವರು ಮೂಲ ಮಂಜೂರಾತಿ ಆದೇಶದ ದೃಢೀಕೃತ ನಕಲನ್ನು ನೋಡದೆ ಮುಂಗಡ ಕೊಡಬಾರದು.

ಉಳಿದವುಗಳಲ್ಲಿ ಚೆಕ್ ಅಮಾನ್ಯದ ದೂರುಗಳೇ ಹೆಚ್ಚು ಬೇಗ ಕೈತಪ್ಪುವಂಥವು. ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟೀಸು, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು. ಆಲೂಗೆಡ್ಡೆ ಬೆಳೆಯುವ ಹಾಸನ ಸೀಮೆಯಲ್ಲಿ ಕಳಪೆ ಬಿತ್ತನೆ ಬೀಜದ ತಕರಾರಿಗೆ ಜಿಲ್ಲಾ ಗ್ರಾಹಕ ಆಯೋಗವಿದೆ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿದೆ. ಆಯೋಗದ ಮುಂದೆ ವಕೀಲರಿಲ್ಲದೆ ಸ್ವತಃ ವಾದಿಸಲೂಬಹುದು. ಅಡಿಕೆ, ಕೊಬ್ಬರಿ, ತಂಬಾಕು ವ್ಯಾಪಾರಸ್ಥರ ನಡುವಿನ ಮೂರು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ವಾಣಿಜ್ಯ ವಿವಾದ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅಲ್ಲಿ ತುರ್ತು ಮಧ್ಯಂತರ ಆದೇಶ ಬೇಕಿಲ್ಲವಾದರೆ ದಾವೆಗೆ ಮುಂಚೆ ಮಧ್ಯಸ್ಥಿಕೆಗೆ ಹೋಗಲೇಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಖಚಿತಪಡಿಸಿತು. ಪ್ರತಿವಾದಿಯ ಜವಾಬು 120 ದಿನ ಮೀರಿದರೆ ನ್ಯಾಯಾಲಯ ಸ್ವೀಕರಿಸುವಂತಿಲ್ಲ. ವಾಯಿದೆ ಕೇಳಿ ಕೇಳಿ ಅಭ್ಯಾಸವಾದವರಿಗೆ ಈ ಗಡುವು ದುಬಾರಿಯಾಗಿದೆ.

ಆಯ್ಕೆ

ವಕೀಲರು ಜಾಹೀರಾತು ಕೊಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದಂತೆ ನಾಮಫಲಕ ಹದವಾದ ಗಾತ್ರದಲ್ಲಿರಬೇಕು. ಇಂಥ ಬಗೆಯ ಕೆಲಸದಲ್ಲಿ ಪರಿಣತರೆಂದು ಅದರ ಮೇಲೆ ಬರೆಸಬಾರದು. 2008ರ ತಿದ್ದುಪಡಿಯಿಂದ ಜಾಲತಾಣದಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವಿದ್ಯಾರ್ಹತೆ, ಕೆಲಸದ ಕ್ಷೇತ್ರಗಳನ್ನು ಹಾಕಲು ಮಾತ್ರ ಅವಕಾಶ ಸಿಕ್ಕಿದೆ. ಹಾಗಾಗಿ ‘ನಂ. 1 ವಕೀಲರು’ ಎಂಬ ಪ್ರಚಾರ ಕಂಡರೆ ಅದೇ ನಿಯಮದ ಉಲ್ಲಂಘನೆ. ಜನ ಆರಿಸುವುದು ಬಾಯಿಮಾತಿನಿಂದ, ನೆಂಟಸ್ತಿಕೆಯಿಂದ, ‘ನಮ್ಮ ಕಡೆಯವರು’ ಎಂಬ ಸಲಿಗೆಯಿಂದ. ಸಲಿಗೆಯಲ್ಲಿ ತಪ್ಪಿಲ್ಲ, ಆದರೆ ಸಲಿಗೆಯವರ ಬಳಿ ಶುಲ್ಕದ ರಸೀದಿ ಕೇಳಲು ಸಂಕೋಚವಾಗುತ್ತದೆ.

ಪರಿಶೀಲಿಸಬಹುದಾದ ಸಂಗತಿಗಳೂ ಇವೆ. ಪ್ರತಿ ವಕೀಲರಿಗೂ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಅದರ ಕೊನೆಯಲ್ಲಿ ನೋಂದಣಿಯ ಇಸವಿಯೂ ಇರುತ್ತದೆ. ಇ–ಕೋರ್ಟ್ಸ್ ತಾಣದಲ್ಲಿ ವಕೀಲರ ಹೆಸರು ಹಾಕಿ ಹುಡುಕಿದರೆ ಅವರು ಯಾವ ನ್ಯಾಯಾಲಯದಲ್ಲಿ ಯಾವ ಬಗೆಯ ಪ್ರಕರಣಗಳನ್ನು ನಡೆಸುತ್ತಿದ್ದಾರೆಂದು ಕಾಣುತ್ತದೆ. ಹದಿನಾರು ಅಕ್ಷರ–ಅಂಕಿಗಳ ಸಿ.ಎನ್‌.ಆರ್. ಸಂಖ್ಯೆಯಿಂದ ಕಕ್ಷಿದಾರ ತನ್ನ ಪ್ರಕರಣದ ಮುಂದಿನ ವಾಯಿದೆಯನ್ನು ಮೊಬೈಲಿನಲ್ಲೇ ನೋಡಬಹುದು. ‘ಜಡ್ಜ್ ರಜೆ’ ಎಂಬ ಮಾತನ್ನು ಗುಮಾಸ್ತರ ಬಾಯಿಂದಲೇ ಕೇಳಿ ನಂಬಬೇಕಾದ ಕಾಲ ಹೋಯಿತು.

ಒಂದೇ ಸಂಘದ ವಕೀಲರು ಎರಡೂ ಕಡೆ ಇರುವ ಸಣ್ಣ ಊರಿನಲ್ಲಿ ಹಿತಾಸಕ್ತಿಯ ಸಂಘರ್ಷ ಸುಲಭವಾಗಿ ಹುಟ್ಟುತ್ತದೆ. ಒಬ್ಬ ಕಕ್ಷಿಗೆ ಸಲಹೆ ಕೊಟ್ಟವರು ಅಥವಾ ಅರ್ಜಿ ಬರೆದುಕೊಟ್ಟವರು ಅದೇ ವಿಷಯದಲ್ಲಿ ಎದುರು ಕಕ್ಷಿಯ ಪರ ನಿಲ್ಲುವಂತಿಲ್ಲವೆಂದು ಭಾರತೀಯ ವಕೀಲರ ಪರಿಷತ್ತಿನ 33ನೇ ನಿಯಮ ಹೇಳುತ್ತದೆ. ಎರಡು ಕಡೆಯ ವಕೀಲರು ಮಧ್ಯಾಹ್ನ ಒಂದೇ ಹೋಟೆಲಿನಲ್ಲಿ ಊಟ ಮಾಡಿದರೆ ‘ಒಳಒಪ್ಪಂದ’ ಎಂದು ಗುಮಾನಿ ಪಡುವುದು ಬೇರೆ ವಿಷಯ, ಅದಕ್ಕೆ ಅರ್ಥವಿಲ್ಲ.

ಹೈಕೋರ್ಟಿನಲ್ಲಿ ‘ಹಿರಿಯ ವಕೀಲರು’ ಎಂಬುದು ವಯಸ್ಸಿನ ಮಾತಾಗದೆ ವಕೀಲರ ಕಾಯ್ದೆಯ 16ನೇ ಕಲಮಿನಡಿ ನ್ಯಾಯಾಲಯ ಕೊಡುವ ಪದವಿ. ಅವರು ನೇರವಾಗಿ ವಕಾಲತ್ತು ಹಾಕುವಂತಿಲ್ಲ. ಇನ್ನೊಬ್ಬ ವಕೀಲರ ಜೊತೆಗೇ ಹಾಜರಾಗಬೇಕು. ಸುಪ್ರೀಂ ಕೋರ್ಟಿನಲ್ಲಿ ಅಡ್ವೊಕೇಟ್ ಆನ್ ರೆಕಾರ್ಡ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನೋಂದಾಯಿತರಾದವರಷ್ಟೇ ಪ್ರಕರಣ ದಾಖಲಿಸಬಹುದು. ಆದ್ದರಿಂದ ಅರಕಲಗೂಡಿನ ದಾವೆಯೊಂದು ದೆಹಲಿ ಮುಟ್ಟುವ ಹೊತ್ತಿಗೆ ನಾಲ್ಕೈದು ವಕೀಲರ ಕೈ ದಾಟಿರುತ್ತದೆ. ಮೂಲ ಕಡತವನ್ನು ಚೆನ್ನಾಗಿ ಬಲ್ಲವರು ಮೊದಲನೆಯವರೇ. ಎರಡನೇ ಮೇಲ್ಮನವಿಯಲ್ಲಿ ಗಣನೀಯ ಕಾನೂನು ಪ್ರಶ್ನೆ ಮಾತ್ರ ನಿಲ್ಲುವುದರಿಂದ, ತಾಲ್ಲೂಕಿನಲ್ಲಿ ಹಾಜರುಪಡಿಸದೆ ಬಿಟ್ಟ ದಾಖಲೆಯನ್ನು ಮೇಲೆ ಯಾರೂ ತುಂಬಿಕೊಡಲಾರರು.

ವಕಾಲತ್ತು ಮತ್ತು ಶುಲ್ಕ

ವಕಾಲತ್ತುನಾಮೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೂರನೇ ಆದೇಶದ ನಾಲ್ಕನೇ ನಿಯಮದಂತೆ ಬರೆಹದಲ್ಲಿ ಇರಬೇಕು; ಅದರ ಮೇಲೆ 1983ರ ಕಾಯ್ದೆಯಡಿ ವಕೀಲರ ಕಲ್ಯಾಣ ನಿಧಿಯ ಸ್ಟಾಂಪು ಅಂಟಿಸಬೇಕು. ಒಮ್ಮೆ ದಾಖಲಾದ ವಕಾಲತ್ತು ನ್ಯಾಯಾಲಯದ ಅನುಮತಿಯಿಲ್ಲದೆ ಕೊನೆಗೊಳ್ಳುವುದಿಲ್ಲ. ವಕೀಲರನ್ನು ಬದಲಿಸುವವರು ಹಳೆಯವರಿಂದ ಎನ್‌.ಒ.ಸಿ. ಪಡೆಯುವುದು ರೂಢಿ.

ಶುಲ್ಕಕ್ಕೆ ಕಟ್ಟುನಿಟ್ಟಿನ ದರಪಟ್ಟಿಯಿಲ್ಲ. ದಾವೆ ಹಾಕುವಾಗ ಇಷ್ಟು, ಸಾಕ್ಷಿಯ ಹಂತಕ್ಕೆ ಇಷ್ಟು, ವಾದಕ್ಕೆ ಇಷ್ಟು ಎಂದೋ, ಹಾಜರಾತಿಗೊಮ್ಮೆ ಇಷ್ಟು ಎಂದೋ ಮಾತಾಗುತ್ತದೆ. ನ್ಯಾಯಾಲಯ ಶುಲ್ಕ, ಪ್ರೊಸೆಸ್ ಫೀ, ನಕಲು, ಕಮಿಷನರ ಖರ್ಚು ಇದರಿಂದ ಹೊರಗೆ. ಪಾಲಿನ ದಾವೆಯಲ್ಲಿ ಜಂಟಿ ಸ್ವಾಧೀನವಿದ್ದರೆ ನ್ಯಾಯಾಲಯ ಶುಲ್ಕ ಅತ್ಯಲ್ಪ. ಸ್ವಾಧೀನದಿಂದ ಹೊರಹಾಕಲ್ಪಟ್ಟವರು ತಮ್ಮ ಭಾಗದ ಮಾರುಕಟ್ಟೆ ಬೆಲೆಯ ಮೇಲೆ ಕಟ್ಟಬೇಕು. ಒಂದು ವಾಕ್ಯದ ಈ ವ್ಯತ್ಯಾಸ ಸಾವಿರಾರು ರೂಪಾಯಿಯ ವ್ಯತ್ಯಾಸವಾಗುತ್ತದೆ.

ಭೂಸ್ವಾಧೀನ, ಅಪಘಾತ ಪ್ರಕರಣಗಳಲ್ಲಿ ‘ಬಂದದ್ದರಲ್ಲಿ ಇಷ್ಟು ಪರ್ಸೆಂಟ್’ ಎಂಬ ಮಾತು ಬಹಿರಂಗ ಗುಟ್ಟು. ಫಲಿತಾಂಶಕ್ಕೆ ತಕ್ಕಂತೆ ಶುಲ್ಕ ಗೊತ್ತುಮಾಡುವುದನ್ನು ಭಾರತೀಯ ವಕೀಲರ ಪರಿಷತ್ತಿನ 20ನೇ ನಿಯಮ ನಿಷೇಧಿಸಿದೆ. ಅದು ವೃತ್ತಿ ದುರ್ನಡತೆ ಎಂದು ಸುಪ್ರೀಂ ಕೋರ್ಟು 1954ರಲ್ಲೇ ಹೇಳಿತ್ತು. ಅಪಘಾತ ಪರಿಹಾರದಿಂದ ಹುಟ್ಟಿದ ಬಿ. ಸುನೀತಾ ಪ್ರಕರಣದಲ್ಲಿ 2017ರ ಡಿಸೆಂಬರಿನಲ್ಲಿ ಮತ್ತೆ ಅದನ್ನೇ ಎತ್ತಿಹಿಡಿಯಿತು. ಕೈಯಲ್ಲಿ ಕಾಸಿಲ್ಲದ ವಿಧವೆಗೆ ಪರ್ಸೆಂಟ್ ಒಪ್ಪಂದವೊಂದೇ ವಕೀಲರನ್ನು ಪಡೆಯುವ ದಾರಿ ಎಂಬ ಸಮರ್ಥನೆ ಕೇಳಿಬರುತ್ತದೆ. ಆ ಸಮರ್ಥನೆ ಅಷ್ಟು ಗಟ್ಟಿಯಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ಎಲ್ಲ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಅಂಗವಿಕಲರಿಗೆ, ಬಂಧನದಲ್ಲಿರುವವರಿಗೆ ವರಮಾನ ನೋಡದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100. ಉಚಿತವಾಗಿ ಬಂದ ವಕೀಲರು ಮನಸ್ಸಿಟ್ಟು ನಡೆಸಲಾರರು ಎಂಬ ಅಪನಂಬಿಕೆಯೇ ಹೆಚ್ಚು ಜನರನ್ನು ಅಲ್ಲಿಂದ ದೂರವಿಟ್ಟಿದೆ.

ಕಂಪನಿ ವಿಲೀನ

ಎರಡು ಕಂಪನಿಗಳ ವಿಲೀನಕ್ಕೆ ಹಿಂದೆ ಹೈಕೋರ್ಟಿನ ಮಂಜೂರಾತಿ ಬೇಕಿತ್ತು. 2016ರ ಜೂನ್ 1ರಂದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಸ್ಥಾಪನೆಯಾಗಿ, ಅದೇ ವರ್ಷ ಡಿಸೆಂಬರ್ 15ರಿಂದ 2013ರ ಕಂಪನಿ ಕಾಯ್ದೆಯ 230ರಿಂದ 232ರವರೆಗಿನ ಕಲಂಗಳು ಜಾರಿಗೆ ಬಂದ ಮೇಲೆ ಈ ಅಧಿಕಾರ ಅದರದಾಯಿತು. ಕರ್ನಾಟಕಕ್ಕೆಲ್ಲ ಬೆಂಗಳೂರು ಪೀಠ. ಮೇಲ್ಮನವಿ 45 ದಿನದೊಳಗೆ ಮೇಲ್ಮನವಿ ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ. ವಿಲೀನದ ಯೋಜನೆಗೆ ಷೇರುದಾರರ, ಸಾಲ ಕೊಟ್ಟವರ ಸಭೆಗಳಲ್ಲಿ ಮೌಲ್ಯದ ಮುಕ್ಕಾಲು ಪಾಲಿನ ಒಪ್ಪಿಗೆ ಬೇಕು. ಆದಾಯ ತೆರಿಗೆ ಇಲಾಖೆ, ಕಂಪನಿ ರಿಜಿಸ್ಟ್ರಾರ್ ಮುಂತಾದವರಿಗೆ ನೋಟೀಸು ಹೋಗಬೇಕು. ಶೇ. 10ಕ್ಕಿಂತ ಕಡಿಮೆ ಷೇರು ಅಥವಾ ಶೇ. 5ಕ್ಕಿಂತ ಕಡಿಮೆ ಸಾಲದ ಬಾಬ್ತು ಇರುವವರು ಆಕ್ಷೇಪಣೆ ಎತ್ತುವಂತಿಲ್ಲ. ಹಾಗಾಗಿ ಹಾಸನದ ಸಣ್ಣ ಷೇರುದಾರರೊಬ್ಬರು ದುಬಾರಿ ವಕೀಲರನ್ನು ಹಿಡಿದರೂ ಯೋಜನೆಯನ್ನು ಒಂಟಿಯಾಗಿ ತಡೆಯಲಾರರು. ಸಲಹೆಗೆ ಹೋದಾಗ ಇದನ್ನು ಮೊದಲೇ ಹೇಳುವ ವಕೀಲರನ್ನು ನಂಬಬಹುದು.

ಈ ನ್ಯಾಯಮಂಡಳಿಯಲ್ಲಿ ವಕೀಲರಷ್ಟೇ ಅಲ್ಲ, ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟರೂ 432ನೇ ಕಲಮಿನಂತೆ ಹಾಜರಾಗಬಹುದು. ಎರಡು ಸಣ್ಣ ಕಂಪನಿಗಳು ಒಂದಾಗುವುದಾದರೆ ಅಥವಾ ಮಾತೃ ಕಂಪನಿಯಲ್ಲಿ ಅದರ ಪೂರ್ಣ ಒಡೆತನದ ಅಂಗಸಂಸ್ಥೆ ಸೇರುವುದಾದರೆ ನ್ಯಾಯಮಂಡಳಿಗೆ ಹೋಗದೆ 233ನೇ ಕಲಮಿನ ಶೀಘ್ರ ಮಾರ್ಗವಿದೆ. ಅಲ್ಲಿ ಒಪ್ಪಿಗೆ ಶೇ. 90ರಷ್ಟು ಬೇಕು, ಅನುಮೋದನೆ ಪ್ರಾದೇಶಿಕ ನಿರ್ದೇಶಕರದು. 2025ರ ಸೆಪ್ಟೆಂಬರಿನಲ್ಲಿ ಈ ಮಾರ್ಗವನ್ನು ಇನ್ನಷ್ಟು ಕಂಪನಿಗಳಿಗೆ ತೆರೆಯಲಾಯಿತು. ರೈತ ಉತ್ಪಾದಕ ಕಂಪನಿಗಳಿಗೆ ಬೇರೆಯದೇ ನಿಯಮ, 378 ಜೆಡ್‌ಎನ್ ಕಲಂ. ಇಂಥ ಕೆಲಸಕ್ಕೆ ಕಂಪನಿ ಸೆಕ್ರೆಟರಿಯೊಬ್ಬರು ಸಾಕಾದಾಗ ದೊಡ್ಡ ಕಾನೂನು ಸಂಸ್ಥೆಯ ಬಾಗಿಲಿಗೆ ಹೋಗುವುದು ದುಂದು.

ಈ ಸೀಮೆಗೆ ತಟ್ಟಿದ ದೊಡ್ಡ ಕಂಪನಿ ವಿಲೀನ ಟಾಟಾ ಕಾಫಿಯದು. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ತೋಟಗಳಿದ್ದ ಈ ಕಂಪನಿಯನ್ನು ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಬಳಗಕ್ಕೆ ಸೇರಿಸುವ ಯೋಜನೆ 2022ರ ಮಾರ್ಚ್ 29ರಂದು ಪ್ರಕಟವಾಗಿ 2024ರ ಜನವರಿ 1ರಂದು ಜಾರಿಗೆ ಬಂತು. ತೋಟಗಾರಿಕೆಯ ವಿಭಾಗವನ್ನು ಬೇರ್ಪಡಿಸಿ ಟಿ.ಸಿ.ಪಿ.ಎಲ್‌. ಬೆವರೇಜಸ್ ಆಂಡ್ ಫುಡ್ಸ್‌ಗೆ ಕೊಟ್ಟು, ಉಳಿದದ್ದನ್ನು ಟಾಟಾ ಕನ್ಸ್ಯೂಮರ್‌ನಲ್ಲಿ ವಿಲೀನಗೊಳಿಸಲಾಯಿತು. ಟಾಟಾ ಕಾಫಿಯ 22 ಷೇರಿಗೆ ಒಂದು, ಮತ್ತೆ 55 ಷೇರಿಗೆ 14, ಒಟ್ಟಿನಲ್ಲಿ ಹತ್ತಕ್ಕೆ ಮೂರು ಷೇರು ಎಂಬುದು ಲೆಕ್ಕ. ಒಂದೇ ಕೈಗಾರಿಕಾ ಬಳಗದೊಳಗಿನ, ವೈರವಿಲ್ಲದ ವಿಲೀನಕ್ಕೇ ಸುಮಾರು 21 ತಿಂಗಳು ಹಿಡಿಯಿತು. ಟಾಟಾ ಕಾಫಿಗೆ ಬೆಂಗಳೂರು ಪೀಠ, ಟಾಟಾ ಕನ್ಸ್ಯೂಮರ್‌ಗೆ ಕೋಲ್ಕತ್ತ ಪೀಠ ಮಂಜೂರಾತಿ ಕೊಟ್ಟವು.

ಬೆಂಗಳೂರಿನ ಕಂಪನಿ ವಕೀಲರಿಗೆ ತಾಲ್ಲೂಕಿನ ವಕೀಲರ ಅಗತ್ಯ ಬೀಳುವುದು ಜಮೀನಿನ ವಿಷಯದಲ್ಲಿ. ಹಾಸನದ ಕೈಗಾರಿಕಾ ಪ್ರದೇಶದ ಘಟಕವನ್ನೋ ಚನ್ನರಾಯಪಟ್ಟಣದ ತೆಂಗಿನ ಉತ್ಪನ್ನದ ಕಾರ್ಖಾನೆಯನ್ನೋ ಕೊಳ್ಳುವವರು ಮೂವತ್ತು ವರ್ಷದ ಋಣಭಾರ ಪತ್ರ, ಮ್ಯುಟೇಶನ್ ಸರಣಿ, ಭೂಪರಿವರ್ತನೆ ಆದೇಶ, ಆಕಾರಬಂದು, ಟಿಪ್ಪಣಿಗಳನ್ನು ಪರಿಶೀಲಿಸಿ ಹಕ್ಕಿನ ವರದಿ ಕೇಳುತ್ತಾರೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಿದ್ದರಿಂದ ಒಂದು ತೊಡಕು ಕಡಿಮೆಯಾಯಿತು. ಮಂಜೂರಾದ ಜಮೀನಿನ ಷರತ್ತು, ಹೆಣ್ಣುಮಕ್ಕಳ ಸಹಿಯಿಲ್ಲದ ಕ್ರಯಪತ್ರ, ಪೋಡಿಯಾಗದ ಸರ್ವೆ ನಂಬರುಗಳು ಹಾಗೆಯೇ ಇವೆ. ಕೋಟಿಗಟ್ಟಲೆಯ ವ್ಯವಹಾರದಲ್ಲಿ ಅತಿ ಕಡಿಮೆ ಶುಲ್ಕ ಪಡೆಯುವವರು ಈ ವರದಿ ಬರೆದ ತಾಲ್ಲೂಕಿನ ವಕೀಲರು. ಅದು ತಪ್ಪಿದರೆ ಅತಿ ಹೆಚ್ಚು ನಷ್ಟವಾಗುವುದು ಕೊಂಡವರಿಗೆ. ವಿಲೀನದ ಮಂಜೂರಾತಿ ಆದೇಶವೂ ಆಸ್ತಿ ವರ್ಗಾವಣೆಯ ಪತ್ರವೇ, ಅದಕ್ಕೆ ಮುದ್ರಾಂಕ ಶುಲ್ಕ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟು ಹಿಂದೂಸ್ತಾನ್ ಲೀವರ್ ಪ್ರಕರಣದಲ್ಲಿ 2003ರಲ್ಲಿ ತೀರ್ಮಾನಿಸಿದೆ. ಆಮೇಲೆ ಹೊಸ ಕಂಪನಿಯ ಹೆಸರಿಗೆ ಖಾತೆ ಮಾಡಿಸುವ ಅರ್ಜಿ ಮತ್ತೆ ತಹಶೀಲ್ದಾರರ ಕಚೇರಿಗೇ ಬರುತ್ತದೆ.

ಬ್ಯಾಂಕು, ಸಹಕಾರ ಸಂಘ

ಸಾಮಾನ್ಯ ಕಕ್ಷಿದಾರನಿಗೆ ವಿಲೀನದ ಅನುಭವವಾದದ್ದು ಬ್ಯಾಂಕಿನಿಂದ. ಈ ವಿಲೀನಗಳು ಕಂಪನಿ ಕಾಯ್ದೆಯಡಿ ನಡೆಯದೆ ಆಯಾ ವಿಶೇಷ ಕಾಯ್ದೆಗಳಡಿ ಸರ್ಕಾರದ ಆದೇಶದಿಂದ ಆಗುತ್ತವೆ. 1913ರಲ್ಲಿ ಮೈಸೂರು ಬ್ಯಾಂಕಾಗಿ ಹುಟ್ಟಿದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ 2020ರಲ್ಲಿ ಕೆನರಾದಲ್ಲಿ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಗ್ರಾಮೀಣ ಬ್ಯಾಂಕಿನ ಕಥೆ ಇನ್ನೂ ಉದ್ದ. ಮೈಸೂರು, ಹಾಸನ ಜಿಲ್ಲೆಗಳಲ್ಲಿ ವ್ಯವಹರಿಸುತ್ತಿದ್ದ ಕಾವೇರಿ ಗ್ರಾಮೀಣ ಬ್ಯಾಂಕ್ 2006ರಲ್ಲಿ ಕಾವೇರಿ ಕಲ್ಪತರು, 2012ರಲ್ಲಿ ಮತ್ತೆ ಕಾವೇರಿ ಗ್ರಾಮೀಣ, 2019ರಲ್ಲಿ ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಡನೆ ಕೂಡಿತು. ಹಳೆಯ ಅಡಮಾನ ಪತ್ರವೊಂದರಲ್ಲಿ ಮೊದಲನೆಯ ಹೆಸರು, ಪಹಣಿಯ ಋಣಗಳ ಕಾಲಮಿನಲ್ಲಿ ಎರಡನೆಯದು, ವಸೂಲಿ ನೋಟೀಸಿನಲ್ಲಿ ಕೊನೆಯದು ಇರುವುದು ಸಾಧ್ಯ. ನಡೆಯುತ್ತಿದ್ದ ದಾವೆ ಇದರಿಂದ ಬಿದ್ದುಹೋಗುವುದಿಲ್ಲ. ವಾದಿಯ ಹೆಸರು ಬದಲಿಸಲು ವಕೀಲರು ಮಧ್ಯಂತರ ಅರ್ಜಿ ಹಾಕುತ್ತಾರೆ. ‘ನಾನು ಸಾಲ ಮಾಡಿದ ಬ್ಯಾಂಕೇ ಈಗಿಲ್ಲ’ ಎಂಬ ವಾದವನ್ನು ನಂಬಿ ಬಂದವರಿಗೆ ಒಳ್ಳೆಯ ವಕೀಲರು ಮೊದಲ ದಿನವೇ ನಿರಾಸೆ ಮಾಡಬೇಕು. ಸಾಲ ತೀರಿಸಿದ ಮೇಲೆ ಹಳೆಯ ಹೆಸರಿನ ಋಣವನ್ನು ಪಹಣಿಯಿಂದ ತೆಗೆಸುವುದೇ ನಿಜವಾದ ಕೆಲಸ.

ಪ್ರಾಥಮಿಕ ಕೃಷಿ ಪತ್ತಿನ ಸಂಘ, ಹಾಲು ಉತ್ಪಾದಕರ ಸಂಘಗಳು ಒಂದಾಗುವುದು 1959ರ ಸಹಕಾರ ಸಂಘಗಳ ಕಾಯ್ದೆಯ 14ನೇ ಕಲಮಿನಡಿ. ಸರ್ವಸದಸ್ಯರ ಸಭೆಯಲ್ಲಿ ಹಾಜರಿದ್ದು ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು, ನಿಬಂಧಕರ ಅನುಮೋದನೆ ಬೇಕು. ಸಭೆಯ ನೋಟೀಸು ಸರಿಯಾಗಿ ತಲುಪಿತೇ, ಕೋರಂ ಇತ್ತೇ ಎಂಬಲ್ಲೇ ಇವು ಮುಗ್ಗರಿಸುತ್ತವೆ. ಸಹಕಾರ ಕಾನೂನು ಬಲ್ಲ ಸ್ಥಳೀಯ ವಕೀಲರು ಇಲ್ಲಿ ಬೆಂಗಳೂರಿನ ಯಾವ ಕಾರ್ಪೊರೇಟ್ ಸಂಸ್ಥೆಗಿಂತ ಹೆಚ್ಚು ಉಪಯುಕ್ತ.

ವಕೀಲರ ವಿರುದ್ಧ ದೂರು

ಸೇವಾ ನ್ಯೂನತೆಯೆಂದು ವಕೀಲರನ್ನು ಗ್ರಾಹಕ ಆಯೋಗಕ್ಕೆ ಎಳೆಯುವಂತಿಲ್ಲ. ಸುಪ್ರೀಂ ಕೋರ್ಟು 2024ರ ಮೇ 14ರಂದು ಹಾಗೆ ತೀರ್ಪಿತ್ತಿದೆ. ಶುಲ್ಕ ಬಾಕಿಯಿದೆಯೆಂದು ಕಕ್ಷಿದಾರನ ಕಡತವನ್ನು ವಕೀಲರು ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ. ಅದು 2000ದಲ್ಲೇ ತೀರ್ಮಾನವಾಗಿದೆ. ಬಾಕಿಗೆ ಅವರು ಬೇರೆ ದಾರಿ ನೋಡಬೇಕು, ಮೂಲ ಕ್ರಯಪತ್ರವನ್ನು ಹಿಂದಿರುಗಿಸಬೇಕು. ದುರ್ನಡತೆಯ ದೂರು ವಕೀಲರ ಕಾಯ್ದೆಯ 35ನೇ ಕಲಮಿನಡಿ ರಾಜ್ಯ ವಕೀಲರ ಪರಿಷತ್ತಿಗೆ. ಶಿಸ್ತು ಸಮಿತಿ ದೂರನ್ನು ವಜಾ ಮಾಡಬಹುದು, ಛೀಮಾರಿ ಹಾಕಬಹುದು, ವಕೀಲರನ್ನು ಅಮಾನತಿನಲ್ಲಿಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಒಂದು ವರ್ಷದೊಳಗೆ ಇತ್ಯರ್ಥವಾಗದಿದ್ದರೆ ಪ್ರಕರಣ ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ಅದರ ಆದೇಶದ ಮೇಲೆ 60 ದಿನದೊಳಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು.